ಕೆಲಸ ಬಿಟ್ಟ ಹೊತ್ತಿನ ಕಾಡು

ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದವರು ಸಂಜೆ ಎದ್ದಾಗ ಹೇಳುವ ಮಾತು ಒಂದೇ: ತಲೆ ಓಡುತ್ತಿಲ್ಲ. ಮೂಟೆ ಹೊತ್ತಿಲ್ಲ, ಗುದ್ದಲಿ ಹಿಡಿದಿಲ್ಲ, ಬಿಸಿಲಲ್ಲಿ ನಿಂತಿಲ್ಲ. ಆದರೂ ಮನೆಗೆ ಬಂದು ಚೀಲ ಇಳಿಸಿದ ಮೇಲೆ ಯಾವುದೂ ಬೇಡವೆನಿಸುತ್ತದೆ. ಇದು ನಿಜವಾದ ದಣಿವೋ, ಬರೀ ಬೇಸರವೋ ಎಂಬ ಚರ್ಚೆ ನರವಿಜ್ಞಾನಿಗಳಲ್ಲಿ ಬಹಳ ಕಾಲದಿಂದ ಇತ್ತು. 2022ರಲ್ಲಿ ಪ್ಯಾರಿಸ್ಸಿನ ಸಂಶೋಧನಾ ತಂಡವೊಂದು ಇದಕ್ಕೆ ರಾಸಾಯನಿಕ ಸುಳಿವನ್ನು ಮುಂದಿಟ್ಟಿತು.

ಪ್ರಯೋಗಕ್ಕೆ ಬಂದವರು ಆರು ಗಂಟೆಗೂ ಹೆಚ್ಚು ಹೊತ್ತು ಪರದೆಯ ಮುಂದೆ ಕೆಲಸ ಮಾಡಬೇಕಿತ್ತು. ಒಂದು ಗುಂಪಿಗೆ ಸುಲಭದ ಕೆಲಸ, ಇನ್ನೊಂದು ಗುಂಪಿಗೆ ಅದೇ ಬಗೆಯ ಕಠಿಣ ಕೆಲಸ. ನಡುನಡುವೆ ಎಂಆರ್‌ಐ ಯಂತ್ರದ ನೆರವಿನಿಂದ ಅವರ ಮಿದುಳಿನ ರಾಸಾಯನಿಕಗಳನ್ನು ಅಳೆದರು. ಕಠಿಣ ಕೆಲಸ ಮಾಡಿದವರಲ್ಲಿ, ಹಣೆಯ ಹಿಂಭಾಗದ ಪಕ್ಕಕ್ಕಿರುವ ಮಿದುಳಿನ ಪ್ರದೇಶದಲ್ಲಿ ಗ್ಲುಟಮೇಟ್ ಎಂಬ ನರವಾಹಕ ಹೆಚ್ಚಾಗಿ ಶೇಖರವಾಗಿತ್ತು. ಯೋಚಿಸಿ ನಿರ್ಧರಿಸುವುದು, ಆಸೆಯನ್ನು ತಡೆದು ಮುಂದಿನದನ್ನು ಲೆಕ್ಕಹಾಕುವುದು ಈ ಪ್ರದೇಶದ ಕೆಲಸ. ಗ್ಲುಟಮೇಟ್ ಮಿತಿಮೀರಿದರೆ ಆ ಭಾಗವನ್ನು ದುಡಿಸಿಕೊಳ್ಳುವುದು ಮಿದುಳಿಗೆ ದುಬಾರಿಯಾಗುತ್ತದೆ ಎಂದು ತಂಡ ವಾದಿಸಿತು. ಪರಿಣಾಮ ಅವರ ಆಯ್ಕೆಗಳಲ್ಲೇ ಕಾಣುತ್ತಿತ್ತು. ದಿನ ಮುಗಿಯುತ್ತ ಬಂದಂತೆ ಕಠಿಣ ಗುಂಪಿನವರು ತಡವಾಗಿ ಸಿಗುವ ದೊಡ್ಡ ಮೊತ್ತಕ್ಕಿಂತ ಈಗಲೇ ಸಿಗುವ ಸಣ್ಣ ಮೊತ್ತದ ಕಡೆಗೆ, ಕಷ್ಟದ ದಾರಿಗಿಂತ ಸಲೀಸಿನ ದಾರಿಯ ಕಡೆಗೆ ವಾಲತೊಡಗಿದರು.

ನಮ್ಮ ಸಂಜೆಗಳ ಕಥೆಯೂ ಇದೇ. ಸೋಫಾ ಎರಡು ಹೆಜ್ಜೆಯ ದೂರದಲ್ಲಿದೆ, ಫೋನು ಕೈಯಲ್ಲೇ ಇದೆ. ಹತ್ತಿರದ ಕಾಡಿಗೆ ಹೋಗಬೇಕೆಂದರೆ ಎದ್ದು ಚಪ್ಪಲಿ ಮೆಟ್ಟಬೇಕು. ಅದಕ್ಕೊಂದು ನಿರ್ಧಾರ ಬೇಕು. ಆ ನಿರ್ಧಾರ ಮಾಡಬೇಕಾದ ಮಿದುಳಿನ ಭಾಗವೇ ಆ ಹೊತ್ತಿಗೆ ಸೋತು ಕೂತಿರುತ್ತದೆ. ಕಾಡು ನಮಗೆ ಅತ್ಯಂತ ಬೇಕಾಗುವ ಗಳಿಗೆಯಲ್ಲೇ ಅದರ ಕಡೆ ಹೊರಡುವ ಶಕ್ತಿ ಅತ್ಯಂತ ಕಡಿಮೆ. ಕಾಡಿನ ನಡಿಗೆ ಮಿದುಳಿಗೆ ಏನು ಮಾಡುತ್ತದೆ, ಮತ್ತು ಈ ಗಂಟನ್ನು ಬಿಡಿಸುವುದು ಹೇಗೆ ಎಂಬುದೇ ಈ ಅಧ್ಯಾಯದ ವಿಷಯ.

ಗಮನಕ್ಕೂ ಬಿಡುವು ಬೇಕು

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ರೇಚೆಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ದಂಪತಿ ಮನುಷ್ಯ ಮತ್ತು ಪ್ರಕೃತಿಯ ನಂಟನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಮನೋವಿಜ್ಞಾನಿಗಳು. 1989ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವರು ನಮ್ಮ ಗಮನವನ್ನು ಎರಡು ಬಗೆಯಾಗಿ ನೋಡಿದರು. ಒಂದು, ನಾವಾಗಿ ಪ್ರಯತ್ನಪಟ್ಟು ಕೊಡುವ ಗಮನ. ಎಕ್ಸೆಲ್ ಹಾಳೆಯ ಸಾಲುಗಳನ್ನು ತಾಳೆ ನೋಡುವಾಗ, ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದ ವಾಹನದಟ್ಟಣೆಯಲ್ಲಿ ಬೈಕ್ ಓಡಿಸುವಾಗ, ಮೀಟಿಂಗಿನಲ್ಲಿ ನಿದ್ದೆ ತಡೆದು ಕೇಳುವಾಗ ಬೇಕಾಗುವುದು ಇದು. ಹೀಗೆ ಗಮನ ಕೊಡುವುದೆಂದರೆ ಉಳಿದೆಲ್ಲವನ್ನೂ ಬಲವಂತವಾಗಿ ಆಚೆ ತಳ್ಳುವುದು, ಆದ್ದರಿಂದ ಇದು ಬೇಗ ದಣಿಯುತ್ತದೆ. ಎರಡನೆಯದು, ಕೇಳದೆಯೇ ತಾನಾಗಿ ಹೋಗುವ ಗಮನ. ಎಲೆ ಅಲುಗಿದರೆ ಕಣ್ಣು ಅತ್ತ ಹೊರಳುತ್ತದೆ, ಹಕ್ಕಿ ಕೂಗಿದರೆ ಕಿವಿ ನಿಮಿರುತ್ತದೆ. ಇದಕ್ಕೆ ಶ್ರಮವಿಲ್ಲ.

ಕ್ಯಾಪ್ಲನ್ ದಂಪತಿಯ ವಾದ ಇಲ್ಲಿಂದ ಮುಂದಕ್ಕೆ ಹೋಗುತ್ತದೆ. ಟಿವಿಯ ಕ್ರಿಕೆಟ್ ಪಂದ್ಯವೂ ಶ್ರಮವಿಲ್ಲದೆ ಗಮನ ಸೆಳೆಯುತ್ತದೆ, ಆದರೆ ಪೂರ್ತಿ ಕಬಳಿಸಿಬಿಡುತ್ತದೆ. ಕಾಡು ಹಾಗಲ್ಲ. ಅದು ಗಮನವನ್ನು ಮೆಲ್ಲಗೆ ಸೆಳೆದು ಯೋಚನೆಗೂ ಜಾಗ ಬಿಡುತ್ತದೆ. ಪ್ರಯತ್ನದ ಗಮನ ಅಷ್ಟು ಹೊತ್ತು ಸುಮ್ಮನಿರಬಹುದು, ಸುಮ್ಮನಿದ್ದರೆ ಚೇತರಿಸಿಕೊಳ್ಳುತ್ತದೆ.

ಅದೇ ವಿಶ್ವವಿದ್ಯಾಲಯದ ಮಾರ್ಕ್ ಬರ್ಮನ್ ಮತ್ತು ಸಂಗಡಿಗರು 2008ರಲ್ಲಿ ಈ ಮಾತನ್ನು ಪರೀಕ್ಷೆಗೆ ಒಡ್ಡಿದರು. ಪಾಲ್ಗೊಂಡವರಿಗೆ ಅಂಕಿಗಳ ಸಾಲನ್ನು ಕೇಳಿಸಿ ಹಿಂದುಮುಂದಾಗಿ ಹೇಳಲು ಕೇಳಿದರು. ಪ್ರಯತ್ನದ ಗಮನವನ್ನು ಅಳೆಯುವ ಹಳೆಯ ಪರೀಕ್ಷೆ ಇದು. ಆಮೇಲೆ ಕೆಲವರನ್ನು ಆನ್ ಆರ್ಬರ್ ಪಟ್ಟಣದ ಸಸ್ಯವನದಲ್ಲಿ, ಕೆಲವರನ್ನು ಅದೇ ಪಟ್ಟಣದ ವಾಹನಗಳು ಓಡಾಡುವ ಬೀದಿಯಲ್ಲಿ ಸುಮಾರು 50 ನಿಮಿಷ ನಡೆಸಿದರು. ಒಂದು ವಾರ ಬಿಟ್ಟು ದಾರಿ ಅದಲುಬದಲು. ಮರಗಳ ನಡುವೆ ನಡೆದು ಬಂದಾಗ ಅಂಕಗಳು ಗಮನಾರ್ಹವಾಗಿ ಏರಿದ್ದವು, ಬೀದಿಯಲ್ಲಿ ನಡೆದಾಗ ಹಾಗಾಗಲಿಲ್ಲ. ಕಾಲು ನಡೆದ ದೂರ ಎರಡೂ ಕಡೆ ಒಂದೇ, ಆದ್ದರಿಂದ ಬರೀ ವ್ಯಾಯಾಮ ಈ ಅಂತರವನ್ನು ವಿವರಿಸಲಾರದು. ಕೆಲವರು ನಡೆದದ್ದು ಅಲ್ಲಿನ ಕೊರೆಯುವ ಚಳಿಗಾಲದಲ್ಲಿ. ಅವರಿಗೆ ನಡಿಗೆ ಅಷ್ಟೇನೂ ಹಿತವಾಗಿರಲಿಲ್ಲ, ಆದರೂ ಗಮನ ಚೇತರಿಸಿಕೊಂಡಿತ್ತು. ಖುಷಿಯಾಗದಿದ್ದರೂ ಕಾಡು ತನ್ನ ಕೆಲಸ ಮಾಡಿತ್ತು.

ದಣಿವಿಗೆ ಇನ್ನೊಂದು ಮುಖವಿದೆ. ಕೆಲಸ ಮುಗಿದರೂ ಕೆಲಸದ ಮಾತು ತಲೆಯಲ್ಲಿ ತಿರುಗುತ್ತಲೇ ಇರುವುದು. ಮೇಲಧಿಕಾರಿ ಅಂದದ್ದು, ನಾವು ಅನ್ನಬೇಕಿದ್ದದ್ದು, ನಾಳೆ ಏನಾಗುವುದೋ ಎಂಬುದು. 2015ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರೆಗರಿ ಬ್ರಾಟ್‌ಮನ್ ತಂಡ 38 ಜನರನ್ನು ಎರಡು ಪಾಲು ಮಾಡಿ 90 ನಿಮಿಷ ನಡೆಸಿತು. ಒಂದು ಪಾಲು ಹುಲ್ಲುಗಾವಲು ಮತ್ತು ಓಕ್ ಮರಗಳ ನಡುವೆ, ಇನ್ನೊಂದು ಪಾಲು ವಾಹನಗಳಿಂದ ಗಿಜಿಗುಟ್ಟುವ ಹೆದ್ದಾರಿಯ ಬದಿಯಲ್ಲಿ. ಮರಗಳ ನಡುವೆ ನಡೆದವರಲ್ಲಿ ಕೊರಗನ್ನೇ ಮೆಲುಕು ಹಾಕುವ ಪ್ರವೃತ್ತಿ ತಗ್ಗಿತ್ತು. ಅಂಥ ಮೆಲುಕಿನೊಂದಿಗೆ ನಂಟಿರುವ ಮಿದುಳಿನ ಭಾಗದ ಚಟುವಟಿಕೆಯೂ ಇಳಿದಿತ್ತು. ಹೆದ್ದಾರಿಯ ಬದಿ ನಡೆದವರಲ್ಲಿ ಈ ಬದಲಾವಣೆ ಕಾಣಲಿಲ್ಲ.

ಎಷ್ಟು ಹೊತ್ತು ಸಾಕು?

ಕೆಲಸದ ದಿನ 90 ನಿಮಿಷ ಯಾರಿಗೆ ಸಿಗುತ್ತದೆ? ಈ ಪ್ರಶ್ನೆಗೆ ಉಪಯುಕ್ತವಾದ ಉತ್ತರ 2019ರಲ್ಲಿ ಬಂತು. ಮೇರಿಕ್ಯಾರಲ್ ಹಂಟರ್ ಮತ್ತು ಸಂಗಡಿಗರು 36 ನಗರವಾಸಿಗಳಿಗೆ ಎಂಟು ವಾರಗಳ ಕಾಲ ವಾರಕ್ಕೆ ಮೂರು ಬಾರಿಯಾದರೂ, ಕನಿಷ್ಠ 10 ನಿಮಿಷ, ಹಸಿರಿರುವ ಜಾಗಕ್ಕೆ ಹೋಗಲು ಹೇಳಿದರು. ಯಾವ ಜಾಗ, ಯಾವ ಹೊತ್ತು, ಎಷ್ಟು ನಿಮಿಷ ಎಂಬುದನ್ನು ಅವರವರ ಅನುಕೂಲಕ್ಕೇ ಬಿಟ್ಟರು. ಷರತ್ತುಗಳು ಇಷ್ಟೇ: ಹಗಲಿನ ಬೆಳಕಿರಬೇಕು, ಓಟ ಅಥವಾ ಕಸರತ್ತು ಬೇಡ, ಫೋನು ಬೇಡ, ಓದು ಬೇಡ, ಹರಟೆ ಬೇಡ. ಹೋಗುವ ಮೊದಲು ಮತ್ತು ಬಂದ ಮೇಲೆ ಜೊಲ್ಲಿನ ಮಾದರಿ ಕೊಡಬೇಕಿತ್ತು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಅದರಲ್ಲಿ ಸಿಗುತ್ತದೆ.

ಕಾರ್ಟಿಸಾಲ್ ಬೆಳಿಗ್ಗೆ ಏರಿ, ದಿನ ಕಳೆದಂತೆ ತಾನಾಗಿ ಇಳಿಯುತ್ತದೆ. ಆ ಸಹಜ ಇಳಿತವನ್ನು ಕಳೆದ ಮೇಲೂ, ಹಸಿರಿನ ನಡುವೆ ಇದ್ದಾಗ ಅದು ಗಂಟೆಗೆ ಶೇ. 21ರಷ್ಟು ದರದಲ್ಲಿ ಕುಸಿದಿತ್ತು. ಕೊಟ್ಟ ಸಮಯಕ್ಕೆ ಅತಿ ಹೆಚ್ಚು ಫಲ ಸಿಕ್ಕಿದ್ದು 20ರಿಂದ 30 ನಿಮಿಷ ಕಳೆದವರಿಗೆ. ಅದಕ್ಕಿಂತ ಹೆಚ್ಚು ಹೊತ್ತು ಇದ್ದವರಿಗೂ ಲಾಭ ಮುಂದುವರಿಯಿತು, ಆದರೆ ನಿಧಾನವಾಗಿ. ಇಂಗ್ಲೆಂಡಿನ ಸುಮಾರು 20,000 ಜನರ ಸಮೀಕ್ಷೆಯೊಂದು ಅದೇ ವರ್ಷ ಇನ್ನೊಂದು ಲೆಕ್ಕ ಕೊಟ್ಟಿತು: ವಾರಕ್ಕೆ ಒಟ್ಟು 120 ನಿಮಿಷ ಪ್ರಕೃತಿಯಲ್ಲಿ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳುವ ಸಾಧ್ಯತೆ ಹೆಚ್ಚು. ಭಾನುವಾರ ಒಂದೇ ಬಾರಿ ಎರಡು ಗಂಟೆ ಕಳೆದರೂ, ವಾರದ ಸಂಜೆಗಳಲ್ಲಿ ತುಣುಕು ತುಣುಕಾಗಿ ಕಳೆದರೂ ವ್ಯತ್ಯಾಸ ಕಾಣಲಿಲ್ಲ.

ತುರಹಳ್ಳಿಯ ಸಂಜೆ

ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಗೆ ತಾಗಿಕೊಂಡಂತೆ ತುರಹಳ್ಳಿ ಕಾಡಿದೆ. ಆರುನೂರು ಎಕರೆಯ ಆಸುಪಾಸಿನ ಮೀಸಲು ಅರಣ್ಯ. ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿವೆ. ಒಳಗೆ ಕುರುಚಲು ಗಿಡ, ನೀಲಗಿರಿ ತೋಪು, ದೊಡ್ಡ ದೊಡ್ಡ ಬಂಡೆ. ದಟ್ಟಡವಿಯ ಗಾಂಭೀರ್ಯ ಇದಕ್ಕಿಲ್ಲ. ಆದರೆ ಸಂಜೆಯ ಅರ್ಧ ಗಂಟೆಯಲ್ಲಿ ದೇಹಕ್ಕೆ ಏನೇನು ಆಗುತ್ತದೆ ಎಂದು ನೋಡಲು ಇಂಥ ಸಾದಾ ಕಾಡೇ ಸರಿಯಾದ ಜಾಗ.

ರಸ್ತೆ ಬಿಟ್ಟು ಒಳಗೆ ಕಾಲಿಟ್ಟರೆ ಮೊದಲು ತಿಳಿಯುವುದು ಚರ್ಮಕ್ಕೆ. ಮರಗಳು ಬೇರಿನಿಂದ ಹೀರಿದ ನೀರನ್ನು ಎಲೆಯ ರಂಧ್ರಗಳಿಂದ ಆವಿಯಾಗಿ ಬಿಡುತ್ತವೆ. ನೀರು ಆವಿಯಾಗಲು ಬೇಕಾದ ಶಾಖ ಸುತ್ತಲಿನ ಗಾಳಿಯಿಂದಲೇ ಹೋಗುತ್ತದೆ. ಜೊತೆಗೆ ನೆರಳು. ಬೆಂಗಳೂರಿನ ರಸ್ತೆಗಳಲ್ಲೇ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರವಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ ಮರವಿಲ್ಲದ ರಸ್ತೆಗಿಂತ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ ತಂಪಾಗಿರುತ್ತದೆ. ಡಾಂಬರಿನ ಮೈಯಲ್ಲಂತೂ ಅಂತರ 27.5 ಡಿಗ್ರಿವರೆಗೆ ಹೋಗಿತ್ತು. ಸಾಲುಮರಗಳೇ ಇಷ್ಟು ಮಾಡುವುದಾದರೆ ತೋಪಿನೊಳಗೆ ಉಸಿರು ಹಗುರವಾಗುವುದರಲ್ಲಿ ಆಶ್ಚರ್ಯವಿಲ್ಲ.

ಆಮೇಲೆ ವಾಸನೆ. ನೀಲಗಿರಿಯ ಎಲೆ ಕಾಲಡಿಯಲ್ಲಿ ಮುರಿದಾಗ ಮೂಗಿಗೆ ಹೊಡೆಯುವುದು ಸಿನಿಯೋಲ್, ಪೈನೀನ್ ಮುಂತಾದ ಹಾರುವ ರಾಸಾಯನಿಕಗಳು. ಕೀಟ ಮತ್ತು ಶಿಲೀಂಧ್ರಗಳಿಂದ ಕಾಪಾಡಿಕೊಳ್ಳಲು ಗಿಡಮರಗಳು ಇಂಥವನ್ನು ತಯಾರಿಸುತ್ತವೆ. ಸೋವಿಯತ್ ಜೀವವಿಜ್ಞಾನಿ ಬೋರಿಸ್ ಟೋಕಿನ್ ಕಳೆದ ಶತಮಾನದ ಮೊದಲ ಭಾಗದಲ್ಲೇ ಇವುಗಳ ರೋಗಾಣುನಾಶಕ ಗುಣವನ್ನು ಗುರುತಿಸಿ ಫೈಟಾನ್‌ಸೈಡ್ ಎಂದು ಹೆಸರಿಟ್ಟ. ಜಪಾನಿನ ಚಿಂಗ್ ಲೀ ಎಂಬ ವೈದ್ಯ ವಿಜ್ಞಾನಿ ಇವು ನಮ್ಮ ದೇಹದ ಮೇಲೆ ಏನು ಮಾಡುತ್ತವೆ ಎಂದು ನೋಡಿದರು. ಹೋಟೆಲ್ ಕೋಣೆಯಲ್ಲಿ 12 ಪುರುಷರನ್ನು ಮೂರು ರಾತ್ರಿ ಉಳಿಸಿ, ಹಿನೋಕಿ ಎಂಬ ಮರದ ಎಣ್ಣೆಯನ್ನು ಗಾಳಿಗೆ ಬಿಟ್ಟರು. ವೈರಸ್ ಹೊಕ್ಕ ಜೀವಕೋಶಗಳನ್ನು ಕೊಲ್ಲುವ ಒಂದು ಬಗೆಯ ಬಿಳಿ ರಕ್ತಕಣಗಳ ಚಟುವಟಿಕೆ ಅವರಲ್ಲಿ ಹೆಚ್ಚಿತ್ತು.

ಮಳೆ ಬಿದ್ದ ಸಂಜೆಯಾದರೆ ಮಣ್ಣಿನ ವಾಸನೆ ಎಲ್ಲವನ್ನೂ ಮೀರಿಸುತ್ತದೆ. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ಜಿಯೋಸ್ಮಿನ್ ಇದರ ಮುಖ್ಯ ಮೂಲ. ಲಕ್ಷ ಕೋಟಿ ಭಾಗದಲ್ಲಿ ಐದು ಭಾಗದಷ್ಟಿದ್ದರೂ ನಮ್ಮ ಮೂಗು ಇದನ್ನು ಹಿಡಿಯಬಲ್ಲದು. ಬ್ಯಾಕ್ಟೀರಿಯಾಕ್ಕೆ ಇದರಿಂದೇನು ಲಾಭ? 2020ರ ಅಧ್ಯಯನವೊಂದು ಉತ್ತರ ಕೊಟ್ಟಿತು. ಮಣ್ಣಿನಲ್ಲಿ ನೆಗೆದಾಡುವ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜೀವಿಗಳು ಈ ವಾಸನೆ ಹಿಡಿದು ಬಂದು ಬ್ಯಾಕ್ಟೀರಿಯಾವನ್ನು ತಿನ್ನುತ್ತವೆ, ಹೋಗುವಾಗ ಅದರ ಬೀಜಕಣಗಳನ್ನು ಮೈಗೆ ಅಂಟಿಸಿಕೊಂಡು ಬೇರೆಡೆ ಬಿತ್ತುತ್ತವೆ. ನಮ್ಮನ್ನು ಒಂದು ಕ್ಷಣ ನಿಲ್ಲಿಸುವ ಆ ಪರಿಮಳ ಮಣ್ಣಿನೊಳಗೆ ನಡೆಯುವ ಊಟದ ಕರೆ.

ಅಷ್ಟರಲ್ಲಿ ಬೆಳಕು ಬದಲಾಗುತ್ತದೆ. ಬೆಂಗಳೂರಿನ ಅಕ್ಷಾಂಶದಲ್ಲಿ ಸೂರ್ಯ ಮುಳುಗಿದ ಮೇಲೆ ದೀಪವಿಲ್ಲದೆ ದಾರಿ ಕಾಣುವುದು ಸುಮಾರು 22 ನಿಮಿಷ ಮಾತ್ರ. ಧ್ರುವಗಳ ಕಡೆ ಹೋದಂತೆ ಸಂಜೆಗತ್ತಲು ಉದ್ದವಾಗುತ್ತದೆ, ನಮ್ಮಲ್ಲಿ ಸೂರ್ಯ ಹೆಚ್ಚು ನೇರವಾಗಿ ಇಳಿಯುವುದರಿಂದ ಬೇಗ ಮುಗಿಯುತ್ತದೆ. ಈ ಹೊತ್ತಿನಲ್ಲಿ ದಾರಿ ಬದಿಯ ಲಂಟಾನ ಗಿಡವನ್ನು ಗಮನಿಸಿ. ಹಗಲಲ್ಲಿ ಎದ್ದು ಕಾಣುತ್ತಿದ್ದ ಕೆಂಪು-ಕಿತ್ತಳೆ ಹೂ ಮೊದಲು ಮಂಕಾಗಿ ಕಪ್ಪಿಗೆ ತಿರುಗುತ್ತದೆ. ಸುತ್ತಲಿನ ಹಸಿರೆಲೆ ಇನ್ನೂ ತಿಳಿಯಾಗಿಯೇ ಇರುತ್ತದೆ. ಬಣ್ಣ ಗುರುತಿಸುವ ಶಂಕುಕೋಶಗಳು ಮಂದ ಬೆಳಕಿನಲ್ಲಿ ಸೋತು, ಕಣ್ಣು ದಂಡಕೋಶಗಳಿಗೆ ಕೆಲಸ ವಹಿಸುತ್ತದೆ. ದಂಡಕೋಶಗಳಿಗೆ ನೀಲಿ-ಹಸಿರು ಚೆನ್ನಾಗಿ ಕಾಣುತ್ತದೆ, ಕೆಂಪು ಬಹುತೇಕ ಕಾಣುವುದೇ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ವಿವರಿಸಿದ ಯಾನ್ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿಯ ಹೆಸರಲ್ಲೇ ಈ ವಿದ್ಯಮಾನವನ್ನು ಕರೆಯುತ್ತಾರೆ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಸುಮಾರು ಅರ್ಧ ಗಂಟೆ ಬೇಕು. ನಡುವೆ ಫೋನಿನ ಪರದೆಯನ್ನು ಒಮ್ಮೆ ನೋಡಿದರೂ ದಂಡಕೋಶಗಳ ಸಿದ್ಧತೆ ಕೆಡುತ್ತದೆ.

ಕಣ್ಣು ಹಿಂದೆ ಸರಿದಂತೆ ಕಿವಿ ಮುಂದೆ ಬರುತ್ತದೆ. ಗೂಡಿಗೆ ಮರಳುವ ಗೊರವಂಕಗಳ ಗದ್ದಲ ಅಡಗುವ ಹೊತ್ತಿಗೆ ಜೀರುಂಡೆಗಳ ಸರದಿ. ಹಾಡುವುದು ಗಂಡು, ಹೆಣ್ಣನ್ನು ಕರೆಯಲು. ಒಂದು ರೆಕ್ಕೆಯ ಗರಗಸದಂಥ ಅಂಚನ್ನು ಇನ್ನೊಂದರ ಅಂಚಿಗೆ ಉಜ್ಜಿ ಸದ್ದು ಹೊರಡಿಸುತ್ತದೆ. ರೆಕ್ಕೆ ಕಂಪಿಸುವಾಗ ಮುಂದಿನಿಂದ ಹೊರಟ ಅಲೆಯೂ ಹಿಂದಿನಿಂದ ಹೊರಟ ಅಲೆಯೂ ರೆಕ್ಕೆಯ ಅಂಚಿನಲ್ಲಿ ಸಂಧಿಸಿ ಒಂದನ್ನೊಂದು ಅಳಿಸಿಹಾಕುತ್ತವೆ. ಪೆಟ್ಟಿಗೆಯಿಲ್ಲದ ಸ್ಪೀಕರಿನ ದನಿ ಪೇಲವವಾಗುವ ಹಾಗೆ ಇದರ ದನಿಯೂ ಕುಗ್ಗುತ್ತದೆ. ದಕ್ಷಿಣ ಭಾರತದ ಕುರುಚಲು ಪ್ರದೇಶಗಳಲ್ಲಿರುವ ಈಕ್ಯಾಂಥಸ್ ಹೆನ್ರಿ ಎಂಬ ಜೀರುಂಡೆ ಇದಕ್ಕೊಂದು ಉಪಾಯ ಕಂಡುಕೊಂಡಿದೆ. ಅಗಲವಾದ ಎಲೆಯನ್ನು ಆರಿಸಿ, ನಡುವೆ ತನ್ನ ರೆಕ್ಕೆಯ ಅಳತೆಗೆ ತೂತು ಕಚ್ಚಿ, ಅದರಲ್ಲಿ ರೆಕ್ಕೆಯನ್ನು ಒಡ್ಡಿ ಹಾಡುತ್ತದೆ. ಎಲೆ ಎರಡೂ ಕಡೆಯ ಅಲೆಗಳನ್ನು ಬೇರ್ಪಡಿಸುವುದರಿಂದ ದನಿ ಬಹಳ ಜೋರಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದಂತೆ, ಈ ತಂತ್ರ ಬಳಸುವವು ಹೆಚ್ಚಾಗಿ ಗಾತ್ರದಲ್ಲಿ ಚಿಕ್ಕ, ದನಿಯಲ್ಲಿ ಮೆತ್ತನೆಯ ಗಂಡುಗಳು. ಹುಟ್ಟಿನಿಂದ ಬಂದ ಕೊರತೆಯನ್ನು ಒಂದು ಎಲೆಯಿಂದ ತುಂಬಿಕೊಳ್ಳುತ್ತವೆ.

ಇಷ್ಟನ್ನೂ ತಿಳಿದುಕೊಂಡೇ ಕಾಡಿಗೆ ಹೋಗಬೇಕೆಂದಿಲ್ಲ. ಆದರೆ ತಿಳಿದು ಹೋದವರಿಗೆ ಗಮನವಿಡಲು ನೂರು ಸಂಗತಿಗಳು ಸಿಗುತ್ತವೆ, ಅವುಗಳಲ್ಲಿ ಒಂದಾದರೂ ಆಫೀಸಿಗೆ ಸಂಬಂಧಿಸಿದ್ದಲ್ಲ.

ಹೊರಡದಂತೆ ತಡೆಯುವುದು ಯಾವುದು?

ಇಷ್ಟೆಲ್ಲ ಲಾಭವಿದ್ದೂ ನಾವೇಕೆ ಹೋಗುವುದಿಲ್ಲ? ಕೆನಡಾದ ಎಲಿಜಬೆತ್ ನಿಸ್ಬೆಟ್ ಮತ್ತು ಜಾನ್ ಝೆಲೆನ್‌ಸ್ಕಿ 2011ರಲ್ಲಿ ಈ ಪ್ರಶ್ನೆಗೆ ಅಂದದ ಪ್ರಯೋಗವೊಂದನ್ನು ಹೂಡಿದರು. ಅಟವಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಕಟ್ಟಡಗಳನ್ನು ಜೋಡಿಸುವ ನೆಲದಡಿಯ ಸುರಂಗಗಳಿವೆ, ಹತ್ತಿರದಲ್ಲೇ ನದಿ ದಂಡೆಯ ಹಸಿರು ದಾರಿಯೂ ಇದೆ. ಕೆಲವರು ಸುರಂಗದಲ್ಲಿ, ಕೆಲವರು ಹಸಿರಿನ ನಡುವೆ ನಡೆದರು. ಎಷ್ಟು ಖುಷಿಯಾಗಬಹುದು ಎಂದು ಮೊದಲೇ ಊಹಿಸಲು ಕೇಳಿದಾಗ, ಹಸಿರು ದಾರಿ ಕೊಡುವ ಸಂತೋಷವನ್ನು ಜನ ನಿಜಕ್ಕಿಂತ ಕಡಿಮೆಯಾಗಿ ಅಂದಾಜಿಸಿದ್ದರು. ಹೋದರೆ ಒಳ್ಳೆಯದಾಗುತ್ತದೆ ಎಂಬುದು ಅಸ್ಪಷ್ಟವಾಗಿ ಗೊತ್ತು, ಎಷ್ಟು ಒಳ್ಳೆಯದಾಗುತ್ತದೆ ಎಂಬುದು ಹೋಗಿ ಬರುವವರೆಗೂ ಗೊತ್ತಾಗುವುದಿಲ್ಲ.

ಜರ್ಮನಿಯ ಮನೋವಿಜ್ಞಾನಿ ಸಬೀನ ಸೊನ್ನೆಂಟಾಗ್ ಇದರ ಇನ್ನೊಂದು ಬದಿಯನ್ನು ಹೇಳುತ್ತಾರೆ. ಕೆಲಸದಲ್ಲಿ ಒತ್ತಡ ಹೆಚ್ಚಾದಷ್ಟೂ ಬಿಡುವಿನ ಅಗತ್ಯ ಹೆಚ್ಚು. ಆದರೆ ಅದೇ ಒತ್ತಡ ಇರುವವರೇ ವ್ಯಾಯಾಮ ಬಿಡುತ್ತಾರೆ, ಸರಿಯಾಗಿ ಮಲಗುವುದಿಲ್ಲ, ಕೆಲಸವನ್ನು ಮನಸ್ಸಿನಿಂದ ಇಳಿಸುವುದಿಲ್ಲ. ದಣಿವು ತನ್ನ ಮದ್ದನ್ನು ತಾನೇ ದೂರ ಇಡುತ್ತದೆ.

ಹಾಗಾದರೆ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡರೆ ಸರಿಹೋಗುತ್ತದೆಯೇ? ಗೇಬ್ರಿಯೆಲಾ ಟೋನಿಯೆಟ್ಟೊ ಮತ್ತು ಸೆಲಿನ್ ಮಾಲ್ಕಾಚ್ 2016ರಲ್ಲಿ ಪ್ರಕಟಿಸಿದ ಅಧ್ಯಯನಗಳು ಬೇರೆಯದೇ ಹೇಳುತ್ತವೆ. ಬಿಡುವಿನ ಚಟುವಟಿಕೆಗೆ ಗಂಟೆ-ನಿಮಿಷ ಗೊತ್ತುಮಾಡಿದೊಡನೆ ಅದು ಕೆಲಸದ ಹಾಗೆ ಅನಿಸತೊಡಗುತ್ತದೆ, ಅದರ ಸುಖವೂ ತಗ್ಗುತ್ತದೆ. ಆದರೆ ಇಷ್ಟು ಹೊತ್ತಿಗೇ ಎನ್ನದೆ ಸುಮಾರಾಗಿ ಇಂಥ ವೇಳೆ ಎಂದಿಟ್ಟುಕೊಂಡವರಲ್ಲಿ ಈ ನಷ್ಟ ಕಾಣಲಿಲ್ಲ. ಸಂಜೆ ಕೆಲಸ ಬಿಟ್ಟ ಮೇಲೆ ತೋಚಿದರೆ ಹೋಗುವುದು ಎಂಬ ಸಡಿಲ ಏರ್ಪಾಡು ಈ ಕಾರಣಕ್ಕೇ ಗಟ್ಟಿ. ಬೂಟು ಬೇಡ, ನೀರಿನ ಬಾಟಲಿ ಬೇಡ, ಹೆಜ್ಜೆ ಎಣಿಸುವ ಗಡಿಯಾರ ಬೇಡ. ಮನೆಗೆ ಹೋಗಿ ಸೋಫಾದ ಮೇಲೆ ಕೂರುವ ಮೊದಲೇ ದಾರಿ ತಿರುಗಿಸಿದರೆ ದಣಿದ ಮಿದುಳು ಮಾಡಬೇಕಾದ ನಿರ್ಧಾರ ಒಂದೇ.

ಎಚ್ಚರದ ಮಾತು

ಈ ಅಧ್ಯಯನಗಳಲ್ಲಿ ಹಲವು ಚಿಕ್ಕವು. ಹನ್ನೆರಡು ಜನರ ರಕ್ತಪರೀಕ್ಷೆಯಿಂದ ಕಾಡು ಕಾಯಿಲೆ ವಾಸಿಮಾಡುತ್ತದೆ ಎಂದು ಹೇಳಲಾಗದು. ಸಮೀಕ್ಷೆಗಳಲ್ಲಿ ಆರೋಗ್ಯವಂತರೇ ಹೆಚ್ಚು ಹೊರಗೆ ಹೋಗುತ್ತಾರೆ ಎಂಬ ಸಾಧ್ಯತೆಯೂ ಇದೆ. ಖಿನ್ನತೆ ಇರುವವರಿಗೆ ನಡಿಗೆ ಜೊತೆಯ ಆಸರೆಯಾಗಬಹುದು, ವೈದ್ಯರ ಬದಲಿಯಾಗದು. ಕಾಡಿನ ಕಟ್ಟಳೆಯನ್ನೂ ಮೀರಬಾರದು. ತುರಹಳ್ಳಿಯ ಕಡೆ ಚಿರತೆ ಕಂಡ ವರದಿಗಳಿವೆ. ಅರಣ್ಯ ಇಲಾಖೆ ಗೊತ್ತುಮಾಡಿದ ಹೊತ್ತಿನೊಳಗೇ ಹೊರಬರಬೇಕು, ಒಬ್ಬರೇ ಹೋಗುವುದಾದರೆ ಮನೆಯವರಿಗೆ ತಿಳಿಸಿರಬೇಕು. ಮಲೆನಾಡಿನಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಉಣುಗುಗಳಿಂದ ಹರಡುವ ಮಂಗನ ಕಾಯಿಲೆಯ ಭಯವಿರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಬಳಿ ಮೊದಲು ಪತ್ತೆಯಾದ ಈ ಕಾಯಿಲೆ ಇಂದಿಗೂ ಜೀವ ತೆಗೆಯುತ್ತಿದೆ. ಅಲ್ಲಿನವರು ಆರೋಗ್ಯ ಇಲಾಖೆಯ ಸೂಚನೆ ನೋಡಿಕೊಂಡೇ ಕಾಡಿಗೆ ಇಳಿಯಬೇಕು.

ನಿಮಿಷದಲ್ಲಿ ಅಳೆಯಬೇಕಾದ ಕಾಡು

ತೋಚಿದ ಕೂಡಲೇ ಹೋಗಬೇಕೆಂದರೆ ಕಾಡು ಹತ್ತಿರವಿರಬೇಕು. ಇಡೀ ವಿಜ್ಞಾನದ ತಿರುಳು ಈ ಸರಳ ಮಾತಿಗೆ ಬಂದು ನಿಲ್ಲುತ್ತದೆ. ಬಂಡೀಪುರ, ನಾಗರಹೊಳೆ, ಕುದುರೆಮುಖ ನಾಡಿನ ಹೆಮ್ಮೆ, ಆದರೆ ಬುಧವಾರದ ಸಂಜೆ ಆರು ಗಂಟೆಗೆ ಬೆಂಗಳೂರಿನ ನೌಕರನಿಗೆ ಅವುಗಳಿಂದ ಉಪಕಾರವಿಲ್ಲ. ಉಪಕಾರಕ್ಕೆ ಬರುವುದು ಕೆಲಸದ ಜಾಗಕ್ಕೂ ಮನೆಗೂ ನಡುವೆ ಸಿಗುವ ತೋಪು, ಕೆರೆ ದಂಡೆ, ಕುರುಚಲು ಗುಡ್ಡ. ಅರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್ 2021ರಲ್ಲಿ ನಗರಗಳಿಗಾಗಿ ಸುಲಭ ಸೂತ್ರವೊಂದನ್ನು ಮುಂದಿಟ್ಟರು: ಪ್ರತಿ ಮನೆಯಿಂದ 3 ಮರ ಕಾಣಬೇಕು, ಪ್ರತಿ ಬಡಾವಣೆಯ ಶೇ. 30 ಭಾಗಕ್ಕೆ ಮರಗಳ ನೆರಳಿರಬೇಕು, 300 ಮೀಟರಿನೊಳಗೆ ಹಸಿರಿನ ತಾಣವೊಂದಿರಬೇಕು.

2021ರಲ್ಲೇ ತುರಹಳ್ಳಿಯ ಒಂದು ಭಾಗವನ್ನು ಟ್ರೀ ಪಾರ್ಕ್ ಮಾಡುವ ಪ್ರಸ್ತಾಪ ಬಂದಾಗ ಸುತ್ತಲಿನ ನಿವಾಸಿಗಳು ಬೀದಿಗಿಳಿದು ವಿರೋಧಿಸಿದರು. ಕಾಡನ್ನು ಕಾಡಾಗಿಯೇ ಬಿಡಿ ಎಂಬುದು ಅವರ ಬೇಡಿಕೆ. ಅದನ್ನು ಬರೀ ಭಾವುಕತೆ ಎಂದು ತಳ್ಳಿಹಾಕುವಂತಿಲ್ಲ. ಕಾಂಕ್ರೀಟ್ ದಾರಿ, ದೀಪದ ಕಂಬ, ಧ್ವನಿವರ್ಧಕ ಬಂದರೆ ಮಣ್ಣಿನ ಬ್ಯಾಕ್ಟೀರಿಯಾಕ್ಕೂ ಎಲೆಯ ನಡುವಿನ ಜೀರುಂಡೆಗೂ ನಮ್ಮ ಕಣ್ಣಿನ ದಂಡಕೋಶಕ್ಕೂ ಅಲ್ಲಿ ಕೆಲಸವಿರುವುದಿಲ್ಲ. ಗಮನವನ್ನು ಮೆಲ್ಲಗೆ ಸೆಳೆಯುವ ಗುಣವನ್ನೇ ಕಳೆದುಕೊಂಡ ಕಾಡು ಇನ್ನೊಂದು ಬೀದಿಯಾಗುತ್ತದೆ.

ಸರ್ಕಾರದ ಕಡತಗಳಲ್ಲಿ ಕಾಡನ್ನು ಎಕರೆಯಲ್ಲಿ ಅಳೆಯುತ್ತಾರೆ. ನಗರದ ಕಾಡಿಗೆ ಇನ್ನೊಂದು ಅಳತೆಯೂ ಸೇರಬೇಕು: ಕಾರ್ಖಾನೆಯ ಗೇಟಿನಿಂದ, ಕಚೇರಿಯ ಮೆಟ್ಟಿಲಿನಿಂದ, ಬಸ್ ನಿಲ್ದಾಣದಿಂದ ಅದು ಎಷ್ಟು ನಿಮಿಷದ ನಡಿಗೆ? ಹತ್ತು ನಿಮಿಷದೊಳಗಿನ ಹತ್ತು ಎಕರೆ ತೋಪು ದಣಿದ ಮನುಷ್ಯನಿಗೆ ವಾರದಲ್ಲಿ ಐದು ದಿನ ದಕ್ಕುತ್ತದೆ. ಮುನ್ನೂರು ಕಿಲೋಮೀಟರ್ ಆಚೆಯ ಮಹಾರಣ್ಯ ವರ್ಷಕ್ಕೆ ಒಮ್ಮೆ ದಕ್ಕಿದರೆ ಹೆಚ್ಚು. ಎರಡನ್ನೂ ಉಳಿಸಿಕೊಳ್ಳಬೇಕು. ಆದರೆ ಬಡಾವಣೆಯ ನಕ್ಷೆಯಲ್ಲಿ ಮೊದಲು ಅಳಿಸಿಹೋಗುವುದು ಹತ್ತಿರದ ಆ ಸಣ್ಣ ತೋಪೇ ಆದ್ದರಿಂದ, ದನಿಯೆತ್ತಬೇಕಾದದ್ದೂ ಮೊದಲು ಅದರ ಪರವಾಗಿಯೇ.